ಅಧ್ಯಕ್ಷರನ್ನು ಚೇಸ್ ಮಾಡಿದ್ದು

ಗೊತ್ತಪ್ಪನಿಗೆ ಆಡಲು ಬಾರದ ಮಾತು ಒಂದೇ ಒಂದಿತ್ತು. "ಗೊತ್ತಿಲ್ಲ" ಎನ್ನುವುದು. ಉಳಿದಂತೆ ಯಾರು ಏನು ಕೇಳಿದರೂ ಪ್ರಶ್ನೆ ಮುಗಿಯುವ ಮೊದಲೇ "ಗೊತ್ತು ಗೊತ್ತು" ಎಂದುಬಿಡುತ್ತಿದ್ದ. ಊರು ಅವನಿಗೆ ಆ ಹೆಸರಿಟ್ಟದ್ದೇ ಹಾಗೆ. ಒಮ್ಮೆ ಆಸ್ಪತ್ರೆಗೆ ದಾರಿ ಕೇಳಿದ ಪರಸ್ಥಳದವರೊಬ್ಬರನ್ನು ನೇರವಾಗಿ ಸ್ಮಶಾನಕ್ಕೆ ಕಳಿಸಿ, "ತಪ್ಪೇನಿಲ್ಲ, ನಡುವಿನ ಒಂದು ಸ್ಟಾಪು ಬಿಟ್ಟುಹೋಯ್ತು ಅಷ್ಟೇ" ಎಂದು ಹೆಂಡತಿಗೆ ಸಮಜಾಯಿಷಿ ಕೊಟ್ಟಿದ್ದ.

ಕೋಟು ಹೊಲಿಯುವ ಅಂಗಡಿಯಲ್ಲಿ ಅಳತೆ ತೆಗೆಯುವುದು ಅವನ ಕೆಲಸ. ಕೊರಳಲ್ಲಿ ಟೇಪು, ಕಿವಿಯ ಸಂದಿಯಲ್ಲಿ ಚಾಕ್‌ಪೀಸು. ಎದುರಿಗೆ ಯಾರು ಬಂದರೂ ಮೊದಲು ಭುಜ ನೋಡುತ್ತಿದ್ದ, ಆಮೇಲೆ ಮುಖ. ಈ ಕೆಲಸದಲ್ಲಿ ಅವನ ಮೇಲೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ತೊಂದರೆ ಶುರುವಾದದ್ದು ಅಂಗಡಿ ಯಜಮಾನರ ಹೊಸ ಅಳಿಯ ಮ್ಯಾನೇಜರಾಗಿ ಬಂದು ಗಾಜಿನ ಮೇಜಿನ ಹಿಂದೆ ಕುಳಿತ ಮೇಲೆ. ಇಂಗ್ಲಿಷಿನಲ್ಲಿ ಹೇಳಿದರೆ ಕೆಲಸ ಬೇಗ ಆಗುತ್ತದೆ ಎಂದು ಆತ ಎಲ್ಲೋ ಕಲಿತು ಬಂದಿದ್ದ. "ಇಸ್ತ್ರಿ ಆಯ್ತಾ?" ಅನ್ನುತ್ತಿರಲಿಲ್ಲ, "ಇಸ್ತ್ರಿ ಸ್ಟೇಟಸ್ ಏನು?" ಅನ್ನುತ್ತಿದ್ದ. ಕಾಜ ಹೊಲಿಯುವ ಮುದುಕ ಇದನ್ನು ಕೇಳಿ, ತನ್ನ ಅಂತಸ್ತಿನ ಬಗ್ಗೆ ಕೇಳುತ್ತಿದ್ದಾರೆಂದು ಎದ್ದು ನಿಂತು ಕೈ ಮುಗಿದಿದ್ದ.

ಆ ಶುಕ್ರವಾರ ಮ್ಯಾನೇಜರು ಅಂಗಡಿಯ ನಡುವೆ ನಿಂತಿದ್ದ ಮರದ ಬೊಂಬೆಯನ್ನು ದುರುಗುಟ್ಟಿಕೊಂಡು ನೋಡುತ್ತಿದ್ದ. ಬೊಂಬೆಯ ಮೈಮೇಲೆ ಕಡುನೀಲಿ ಕೋಟು. ತೋಳುಗಳಿಗೆ ಬರೀ ಬಿಳಿ ದಾರದ ದೊಡ್ಡ ದೊಡ್ಡ ಹೊಲಿಗೆ. ಹೊಸದಾಗಿ ಗೆದ್ದ ನಗರಸಭೆ ಅಧ್ಯಕ್ಷರ ಕೋಟು ಅದು. ಸೋಮವಾರ ಅವರ ಪ್ರಮಾಣವಚನ. ಗೆದ್ದ ಮಾರನೆಯ ದಿನವೇ ಬಂದು ಅಳತೆ ಕೊಟ್ಟು ಹೋದವರು ಟ್ರಯಲ್‌ಗೆ ಈ ಕಡೆ ತಲೆ ಹಾಕಿರಲಿಲ್ಲ.

"ಫೋನ್ ಮಾಡಿದ್ರಾ?" ಎಂದ ಮ್ಯಾನೇಜರು.

"ಮಾಡಿದೆ ಸಾರ್. ಅಧ್ಯಕ್ಷರು ಮನೇಲಿಲ್ಲ ಅಂದ್ರು."

"ಯಾರಂದ್ರು?"

"ಅಧ್ಯಕ್ಷರೇ ಅಂದ್ರು ಸಾರ್."

ಮ್ಯಾನೇಜರು ಮೇಜಿನ ಗಾಜಿಗೆ ಒಂದು ಗುದ್ದು ಕೊಟ್ಟ. "ಅಷ್ಟಕ್ಕೇ ಬಿಟ್ಟು ಬರೋದಾ? ಚೇಸ್ ಮಾಡ್ರೀ! ಬೆಳಿಗ್ಗೆ ಎದ್ದ ಕೂಡ್ಲೇ ಶುರು ಮಾಡಿ. ಟ್ರಯಲ್ ಕೊಡೋವರೆಗೂ ಚೇಸ್ ಮಾಡ್ತಾನೇ ಇರಿ. ಅವರೇನಾದ್ರೂ ತಪ್ಪಿಸ್ಕೊಂಡ್ರೆ ನೀವು ಸೋಮವಾರದಿಂದ ಈ ಕಡೆ ಬರೋದೇ ಬೇಡ. ಗೊತ್ತಾಯ್ತಾ?"

"ಗೊತ್ತು ಗೊತ್ತು" ಎಂದ ಗೊತ್ತಪ್ಪ.

ಗೊತ್ತಿದ್ದದ್ದು ಇಷ್ಟೇ. ಸಿನಿಮಾಗಳಲ್ಲಿ ಕಳ್ಳನ ಹಿಂದೆ ಪೊಲೀಸ್ ಜೀಪು ಓಡುತ್ತದಲ್ಲ, ಹಣ್ಣಿನ ಗಾಡಿ ಉರುಳಿ ಬೀಳುತ್ತದಲ್ಲ, ಅದಕ್ಕೆ ಚೇಸ್ ಅನ್ನುತ್ತಾರೆ. ಅಂಗಡಿಯ ಪರವಾಗಿ ಅಂಥದ್ದೊಂದನ್ನು ನಡೆಸಬೇಕಾದರೆ ಜೀಪು ಕೊಡುತ್ತಾರೋ ಇಲ್ಲವೋ ಎಂದು ಕೇಳಬೇಕೆನಿಸಿತು. ಕೇಳಿದರೆ ಗೊತ್ತಿಲ್ಲ ಎಂದಾಗುತ್ತದೆ. ಕೇಳಲಿಲ್ಲ.

ಸಂಜೆ ಮನೆಯಲ್ಲಿ ಹೆಂಡತಿ ಬಟಾಣಿ ಬಿಡಿಸುತ್ತ ಕುಳಿತಿದ್ದಳು. ಎದುರಿಗೆ ಅವಳ ತಮ್ಮ, ವೈರಿಂಗ್ ಕೆಲಸ ಮಾಡುವವನು, ಬಿಡಿಸಿದ ಬಟಾಣಿಯನ್ನು ತಿನ್ನುತ್ತ ಕುಳಿತಿದ್ದ. ಗೊತ್ತಪ್ಪ ಗಂಟಲು ಸರಿಮಾಡಿಕೊಂಡು, ಏನೂ ಅಲ್ಲವೆಂಬಂತೆ, "ನಾಳೆ ಬೆಳಿಗ್ಗೆ ಅಧ್ಯಕ್ಷರ ಮನೆಯಿಂದ ಚೇಸಿಂಗ್ ಇದೆ" ಎಂದ.

ಬಾಮೈದ ಬಟಾಣಿ ಕೆಳಗಿಟ್ಟ. "ಚೇಸಿಂಗಾ! ಭಾವ, ಅದು ನಮ್ಮ ಕೆಲಸ. ಗೋಡೆ ಕೊಯ್ದು ಪೈಪು ಕೂರಿಸೋಕೆ ಕಾಲುವೆ ತೆಗೆಯೋದು. ಅಧ್ಯಕ್ಷರ ಮನೆ ವೈರಿಂಗ್ ನಿಮಗೆ ಸಿಕ್ಕಿದ್ಯಾ? ಒಂದು ಮಾತು ಹೇಳೋದಲ್ವಾ! ಮೆಷಿನ್ ತಗೊಂಡು ನಾನೂ ಬರ್ತೀನಿ."

"ಅದೇ ಬೇರೆ ಇದೇ ಬೇರೆ ಕಣೋ" ಎನ್ನಬಹುದಿತ್ತು. ಆದರೆ ಗೋಡೆ ವಿಷಯ ತನಗೆ ಗೊತ್ತಿರಲಿಲ್ಲ ಎಂದು ಒಪ್ಪಿಕೊಂಡಂತಾಗುತ್ತಿತ್ತು. "ಗೊತ್ತು ಗೊತ್ತು, ಬಾ" ಎಂದುಬಿಟ್ಟ.

ಹೆಂಡತಿ ಮಾತ್ರ ಕೈ ನಿಲ್ಲಿಸಿದಳು. "ಕೋಟಿಗೂ ಗೋಡೆಗೂ ಏನ್ರೀ ಸಂಬಂಧ? ಪಕ್ಕದ ಮನೆ ಮೇಷ್ಟ್ರನ್ನ ಒಂದ್ಸಲ ಕೇಳಿ."

ಪಕ್ಕದ ಮನೆಯ ಮೇಷ್ಟ್ರು ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದವರು. ನಿವೃತ್ತಿಯ ನಂತರ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಹೀಗಾಗಿ ಬೇಲಿಯಾಚೆಯಿಂದ ಗೊತ್ತಪ್ಪ "ಚೇಸ್ ಅಂದ್ರೆ ನಿಮ್ಮ ಕಾಲದಲ್ಲಿ ಏನು ಅರ್ಥ ಇತ್ತು ಮೇಷ್ಟ್ರೇ? ಸುಮ್ನೆ ಕೇಳ್ದೆ" ಎಂದಾಗ ಅವರ ಕಣ್ಣಲ್ಲಿ ನೀರೇ ಬಂತು.

"ಬೆನ್ನಟ್ಟು! ಅಟ್ಟಿಸಿಕೊಂಡು ಹೋಗು! ಬೇಟೆಗಾರ ಜಿಂಕೆಯನ್ನು ಹೇಗೋ ಹಾಗೆ!"

"ಎಲ್ಲಿವರೆಗೆ ಮೇಷ್ಟ್ರೇ?"

"ಹಿಡಿಯೋವರೆಗೆ! ಇನ್ನೂ ಅರ್ಥಗಳಿವೆ, ಇರು, ಚಪ್ಪಲಿ ಹಾಕ್ಕೊಂಡು ಬರ್ತೀನಿ..."

ಅವರು ಚಪ್ಪಲಿ ಹಾಕಿಕೊಂಡು ಬರುವಷ್ಟರಲ್ಲಿ ಗೊತ್ತಪ್ಪ ಒಳಗೆ ಹೋಗಿ ಕದ ಹಾಕಿಕೊಂಡಿದ್ದ. ಒಂದು ಪದಕ್ಕೆ ಒಂದು ಅರ್ಥ ಸಿಕ್ಕಿದ ಮೇಲೆ ಇನ್ನೊಂದು ಕೇಳುವುದು ದುರಾಸೆ ಎಂಬುದು ಅವನ ಸಿದ್ಧಾಂತ. ವಿದ್ಯೆ ಎಷ್ಟು ಬೇಕೋ ಅಷ್ಟಿದ್ದರೆ ಮನುಷ್ಯ ಸುಖಿ. ಸ್ವಲ್ಪ ಕಡಿಮೆಯಿದ್ದರೆ ಏನಾಗುತ್ತದೆ ಎಂಬುದನ್ನು ಮುಂದೆ ನೋಡೋಣ.

"ಅಧ್ಯಕ್ಷರನ್ನ ಓಡಿಸ್ಕೊಂಡು ಹೋಗ್ತೀರಾ?" ಎಂದಳು ಹೆಂಡತಿ.

"ಕೋಟು ಹೊಲಿಯೋದರಲ್ಲಿ ಅದೂ ಒಂದು ಹಂತ ಕಣೇ. ನಿನಗದೆಲ್ಲ ತಿಳಿಯಲ್ಲ."

ಶನಿವಾರ ಬೆಳಿಗ್ಗೆ ಅಧ್ಯಕ್ಷರು ದಿನದಂತೆ ವಾಕಿಂಗಿಗೆ ಹೊರಟರು. ಅವರ ಹೆಂಡತಿಯ ಲೆಕ್ಕದಲ್ಲಿ ಅದು ವಾಕಿಂಗು. ಅಸಲಿಗೆ ಮೂಲೆಯ ಬೇಕರಿಯ ಹಿಂಬಾಗಿಲವರೆಗೆ ಹೋಗಿ, ಬೆಣ್ಣೆ ಬಿಸ್ಕತ್ತು ತಿಂದು, ನಲ್ಲಿ ನೀರನ್ನು ಹಣೆಗೆ ಚಿಮುಕಿಸಿಕೊಂಡು ಬೆವರಿದವರಂತೆ ವಾಪಸು ಬರುವ ಕಾರ್ಯಕ್ರಮ. ಗೇಟು ತೆಗೆದು ಅವರು ಬೀದಿಗೆ ಕಾಲಿಟ್ಟದ್ದೇ ತಡ, ಎದುರಿನ ಮರದ ಮರೆಯಿಂದ ಇಬ್ಬರು ಹೊರಬಂದರು. ಒಬ್ಬನ ಕೈಯಲ್ಲಿ ಬಿಚ್ಚಿದ ಟೇಪು, ಕಂಕುಳಲ್ಲಿ ತೋಳು ಜೋಲಾಡುವ ಕೋಟು. ಇನ್ನೊಬ್ಬನ ಕೈಯಲ್ಲಿ ಗೋಡೆ ಕೊಯ್ಯುವ ಮೆಷಿನ್ನು.

"ಯಾವ ಗೋಡೆಯಿಂದ ಶುರು ಮಾಡ್ಲಿ ಸ್ವಾಮಿ?" ಎಂದು ಬಾಮೈದ ವಿನಯದಿಂದಲೇ ಕೇಳಿದ. ಕೇಳುವಾಗ ಅವನ ಬೆರಳು ಗುಂಡಿ ಒತ್ತಿಬಿಟ್ಟಿತು. ಬ್ಯಾಟರಿ ಮೆಷಿನ್ನು ಗರ್ರ್ ಎಂದು ಒಮ್ಮೆ ಘರ್ಜಿಸಿತು.

ಅಧ್ಯಕ್ಷರು ಮೆಷಿನ್ನು ನೋಡಿದರು. ಟೇಪು ನೋಡಿದರು. ಟೇಪು ನೋಡಿದಾಗಲೇ ಅವರ ಮುಖ ಬಿಳುಚಿಕೊಂಡದ್ದು. ಮರುಕ್ಷಣ ಅವರು ಓಡುತ್ತಿದ್ದರು.

ಜಿಂಕೆಯಂತೆ ಎನ್ನಲಾಗದು. ಉರುಳುವ ಪೀಪಾಯಿಯಂತೆ ಎಂದರೆ ಸತ್ಯಕ್ಕೆ ಹತ್ತಿರ. ಆದರೆ ಇಳಿಜಾರಿನ ಬೀದಿ, ಪೀಪಾಯಿಗೆ ಅನುಕೂಲ.

"ಓಡ್ತಿದ್ದಾರೆ!" ಎಂದು ಗೊತ್ತಪ್ಪನಿಗೆ ಸಂತೋಷವೇ ಆಯಿತು. ಬೆನ್ನಟ್ಟಬೇಕಾದರೆ ಮುಂದೆ ಓಡುವವರೊಬ್ಬರು ಬೇಕೇ ಬೇಕಲ್ಲ. ಇಂಥ ದೊಡ್ಡ ಮನುಷ್ಯರು ಇಷ್ಟು ಸಹಕಾರ ಕೊಡುತ್ತಾರೆಂದು ಅವನು ಎಣಿಸಿರಲಿಲ್ಲ. "ನಿಲ್ಲಬೇಡಿ ಅಧ್ಯಕ್ಷರೇ, ಬಂದೆ!" ಎಂದು ಕೂಗಿ ಹಿಂದೆ ಬಿದ್ದ. ಹಿಂದಿನಿಂದ ಬಾಮೈದ, "ಭಾವಾ, ಗೋಡೆ ಈ ಕಡೆ ಇದೆ! ಅವರ್ಯಾಕೆ ಆ ಕಡೆ ಹೋಗ್ತಿದ್ದಾರೆ?" ಎಂದು ಕೂಗುತ್ತ ಓಡಿದ.

ಬೀದಿ ಎಚ್ಚರವಾಯಿತು. ಮೊದಲ ಮಹಡಿಯಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದವನು ಚುನಾವಣೆಯಲ್ಲಿ ಸೋತ ಅಭ್ಯರ್ಥಿ. ಕೈಲಿದ್ದ ಝಾರಿ ಸಮೇತ ಅವನು ಕುಣಿದಾಡಿಬಿಟ್ಟ. "ನೋಡ್ರಪ್ಪಾ ನೋಡಿ! ನಾನು ಹೇಳಿರ್ಲಿಲ್ವಾ ಗೆದ್ದ ಮೇಲೆ ಓಡಿಹೋಗ್ತಾನೆ ಅಂತ? ಪ್ರಮಾಣ ಮಾಡೋವರೆಗೂ ತಡ್ಕೊಳ್ಳೋಕಾಗ್ಲಿಲ್ಲ ನೋಡಿ!" ಕೆಳಗಿದ್ದವರ ತಲೆಯ ಮೇಲೆಲ್ಲ ನೀರು ಬಿತ್ತು.

ಉದ್ಯಾನದ ಬಳಿ ದಿನವೂ ನಡೆಯುವ ಮಹಿಳೆಯರ ಸಂಘದವರಿಗೆ ಇದು ನಗರಸಭೆಯ ಆರೋಗ್ಯ ಕಾರ್ಯಕ್ರಮ ಎನಿಸಿತು. "ಅಧ್ಯಕ್ಷರೇ ಮುಂದೆ ನಿಂತು ಓಡ್ತಿದ್ದಾರೆ ಕಣ್ರೀ, ನಾವು ನಡೆದ್ರೆ ಚೆನ್ನಾಗಿರುತ್ತಾ?" ಎಂದು ಸೆರಗು ಸಿಕ್ಕಿಸಿಕೊಂಡು ಅವರೂ ಸೇರಿದರು. ಅವರ ಹಿಂದೆ ಪೇಪರ್ ಹಾಕುವವನು, ಸುದ್ದಿಗೆ ತಾನಾಗಿಯೇ ಕಾಲು ಬಂದು ಓಡುತ್ತಿದೆಯೆಂದು ಸೈಕಲ್ ತಿರುಗಿಸಿದ. ಅವರೆಲ್ಲರ ಹಿಂದೆ ಮೇಷ್ಟ್ರು. "ಅಲ್ಲಯ್ಯಾ, ಇನ್ನೂ ಅರ್ಥಗಳಿದ್ವು! ಕೇಳಿಸಿಕೊಂಡು ಓಡು!"

ಅಂತೂ ಊರಿಗೆ ಊರೇ ಓಡುತ್ತಿತ್ತು. ಯಾಕೆಂದು ಬಲ್ಲವರು ಮುಂದಿನ ಇಬ್ಬರು ಮಾತ್ರ. ಅವರಲ್ಲೂ ಒಬ್ಬನಿಗೆ ತಪ್ಪು ಗೊತ್ತಿತ್ತು.

ಅಧ್ಯಕ್ಷರನ್ನು ಅಭ್ಯಾಸಬಲದಿಂದ ಕಾಲು ಬೇಕರಿಯ ಹಿಂಬಾಗಿಲಿಗೇ ಎಳೆಯಿತು. ಒಳನುಗ್ಗಿ ಮೈದಾ ಮೂಟೆಗಳ ಸಂದಿಯಲ್ಲಿ ಕುಳಿತರು. ಗೊತ್ತಪ್ಪನೂ ನುಗ್ಗಿದ. ಜನ ಮುಂಬಾಗಿಲ ಕಡೆ ಹೋದರು. ಹಿಟ್ಟಿನ ಧೂಳಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಏದುಸಿರು ಬಿಟ್ಟರು.

"ಹಿಡಿದೆ" ಎಂದ ಗೊತ್ತಪ್ಪ. "ಚೇಸ್ ಮುಗೀತು ಸ್ವಾಮಿ. ಈಗ ಕೈ ಎತ್ತಿ, ಟ್ರಯಲ್ ನೋಡೋಣ."

ಅಧ್ಯಕ್ಷರು ಎರಡೂ ಕೈಗಳಿಂದ ಹೊಟ್ಟೆ ಮುಚ್ಚಿಕೊಂಡರು. "ಸೊಂಟ ಒಂದು ಬಿಟ್ಟು ಏನು ಬೇಕಾದ್ರೂ ಅಳತೆ ತಗೊಳ್ಳಯ್ಯಾ. ಕೊರಳು ಅಳೆ. ಕಿವಿ ಅಳೆ. ಸೊಂಟಕ್ಕೆ ಮಾತ್ರ ಟೇಪು ತರಬೇಡ."

"ಯಾಕೆ ಸ್ವಾಮಿ?"

"ಅಳತೆ ಕೊಟ್ಟ ಮೇಲೆ ಊರೆಲ್ಲ ಸನ್ಮಾನ. ಹೋದಲ್ಲೆಲ್ಲ ಕೇಕು. ಕಟ್ ಮಾಡಿ ಅಂತಾರೆ, ಕಟ್ ಮಾಡಿದ ಮೇಲೆ ತಿನ್ನದೆ ಇರೋಕಾಗುತ್ತಾ? ಮನೇಲಿ ಎಲ್ಲಾ ಬಿಟ್ಟಿದ್ದೀನಿ ಅಂತ ಹೇಳಿದ್ದೀನಿ. ನಮ್ಮನೆಯವಳು ದಿನಾ ನನಗೆ ಸೌತೆಕಾಯಿ ಹೆಚ್ಚಿಕೊಡ್ತಾಳೆ. ತಾನೂ ಅದನ್ನೇ ತಿಂತಾಳೆ, ನನಗೆ ಜೊತೆ ಇರಲಿ ಅಂತ." ಅವರ ದನಿ ಸಣ್ಣಗಾಯಿತು. "ಆ ಟ್ರಯಲ್‌ನಲ್ಲಿ ಕೋಟಿನ ಗುಂಡಿ ಕೂಡ್ಲಿಲ್ಲ ಅಂದ್ರೆ ಅವಳ ಮುಖ ಹೇಗೆ ನೋಡ್ಲಿ ಹೇಳು?"

ಗೊತ್ತಪ್ಪ ಟೇಪನ್ನು ಕೊರಳಿಗೆ ಹಾಕಿಕೊಂಡ. ಜೀವನದಲ್ಲಿ ಅವನಿಗೆ ನಿಜಕ್ಕೂ ಗೊತ್ತಿದ್ದ ಕೆಲವೇ ವಿಷಯಗಳಲ್ಲಿ ಒಂದನ್ನು ಈಗ ಹೇಳಿದ: "ಹೆದರಬೇಡಿ ಸ್ವಾಮಿ. ದರ್ಜಿ ಬಾಯಿ ಬಿಟ್ರೆ ಊರೇ ಬೆತ್ತಲೆ. ನನ್ನ ಬಾಯಿಂದ ಈ ಮಾತು ಹೊರಗೆ ಬರಲ್ಲ."

ಅಷ್ಟರಲ್ಲಿ ಹಿಂಬಾಗಿಲು ದಡಾರನೆ ತೆರೆಯಿತು. ಗಲಾಟೆ ಕೇಳಿ ಬಂದ ಪೊಲೀಸರು. ಮೈದಾ ಮೆತ್ತಿಕೊಂಡ ಇಬ್ಬರನ್ನು ಕಂಡು ಅಧ್ಯಕ್ಷರು ಯಾರು, ಅಪರಾಧಿ ಯಾರು ಎಂದು ತಿಳಿಯದೆ, ಇಬ್ಬರಿಗೂ ಸೆಲ್ಯೂಟ್ ಹೊಡೆದು ಇಬ್ಬರನ್ನೂ ಹಿಡಿದುಕೊಂಡು ಹೋದರು.

ಠಾಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಮೈದ ಮೆಷಿನ್ನನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕುಳಿತಿದ್ದ. ಅವನ ಪಕ್ಕದಲ್ಲಿ ಯಾರೂ ಕುಳಿತಿರಲಿಲ್ಲ. ಮ್ಯಾನೇಜರನ್ನು ಮನೆಯಿಂದ ಎಬ್ಬಿಸಿ ಕರೆತಂದಿದ್ದರು. ಠಾಣೆಯ ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು ಗೊತ್ತಪ್ಪನತ್ತ ನೋಡಿದರು.

"ಏನಯ್ಯಾ ಮಾಡ್ತಿದ್ದೆ?"

"ಚೇಸ್ ಸಾರ್."

"ಚೇಸ್ ಮಾಡೋದು ನಮ್ಮ ಇಲಾಖೆ ಕೆಲಸ. ನಿನಗ್ಯಾರು ಅಧಿಕಾರ ಕೊಟ್ಟೋರು?"

ಗೊತ್ತಪ್ಪ ಮ್ಯಾನೇಜರತ್ತ ಕೈ ತೋರಿಸಿದ. ಮ್ಯಾನೇಜರು ಎದ್ದು ನಿಂತು ಟೈ ಸರಿಮಾಡಿಕೊಳ್ಳಲು ಹೋಗಿ, ತಾನು ಪೈಜಾಮದಲ್ಲಿರುವುದು ನೆನಪಾಗಿ ಕೈ ಇಳಿಸಿದ.

"ಸಾರ್, ಐ ಮೆಂಟ್..."

"ನಮ್ಮ ಮಾತಲ್ಲಿ ಹೇಳ್ರಿ."

"ಅಂದ್ರೆ... ಫಾಲೋ ಅಪ್ ಮಾಡಿ ಅಂತ."

"ಅದೂ ಹಿಂದೆ ಹೋಗೋದೇ ಅಲ್ವೇನ್ರೀ?"

"ಹಿಂದೆ, ಮತ್ತು ಮೇಲಕ್ಕೆ" ಎಂದು ಗುಂಪಿನಿಂದ ಮೇಷ್ಟ್ರ ದನಿ ಬಂತು.

ಮ್ಯಾನೇಜರು ಬೆವರತೊಡಗಿದ. ಎಷ್ಟು ತಡಕಾಡಿದರೂ ತಾಯ್ನುಡಿಯ ಒಂದು ಪದವೂ ಕೈಗೆ ಸಿಗಲಿಲ್ಲ. ಕೊನೆಗೆ ಒಂದು ಸಿಕ್ಕಿತು. "ಬೆನ್ನು ಬೀಳಿ ಅಂತ ಹೇಳಿದ್ದು ಸಾರ್!"

ಅಧಿಕಾರಿ ಬರೆಯುತ್ತ ಗಟ್ಟಿಯಾಗಿ ಓದಿದರು: "ಅಧ್ಯಕ್ಷರ ಬೆನ್ನ ಮೇಲೆ ಬೀಳಲು ಮ್ಯಾನೇಜರೇ ಪ್ರಚೋದನೆ ನೀಡಿರುತ್ತಾರೆ."

"ಅಯ್ಯೋ, ಹಾಗಲ್ಲ ಸಾರ್!"

ಮೇಷ್ಟ್ರು ಜನರನ್ನು ಸರಿಸಿಕೊಂಡು ಮುಂದೆ ಬಂದರು. ಅವರ ಜೀವನದ ಅತ್ಯುತ್ತಮ ಬೆಳಗು ಅದು. ಇಷ್ಟು ದೊಡ್ಡ ತರಗತಿ, ಅದೂ ಯಾರೂ ಎದ್ದು ಹೋಗಲಾರದ ತರಗತಿ, ಅವರಿಗೆ ಹಿಂದೆಂದೂ ಸಿಕ್ಕಿರಲಿಲ್ಲ. "ಮಾನ್ಯರೇ, ಇದು ಬೇಟೆಯಿಂದ ಬಂದ ಪದ. ಬೇಟೆಗೆ ಕಾದಿಟ್ಟ ಕಾಡಿಗೂ ಇದೇ ಹೆಸರು. ಬೆಳ್ಳಿ ತಟ್ಟೆ ಮೇಲೆ ಉಳಿಯಿಂದ ಚಿತ್ರ ಎಬ್ಬಿಸೋದಕ್ಕೂ ಇದೇ. ಗೋಡೆಯಲ್ಲಿ ತೆಗೆಯೋ ಕಾಲುವೆಗೂ ಇದೇ."

"ಹೇಳಿದ್ನಲ್ಲ ಭಾವ!" ಎಂದು ಬಾಮೈದ ಮೆಷಿನ್ನು ಎತ್ತಿ ಹಿಡಿದ. ಮೊದಲ ಸಾಲಿನವರು ಬಗ್ಗಿದರು.

"ಘಾಟು ಮದ್ಯ ಕುಡಿದ ಮೇಲೆ ಕುಡಿಯೋ ತಣ್ಣನೆಯದು ಚೇಸರ್. ಕ್ರಿಕೆಟ್ಟಿನಲ್ಲಿ ಎರಡನೇ ಸಲ ಆಡೋರು ಮಾಡೋದೂ ಚೇಸ್. ಆಫೀಸುಗಳಲ್ಲಿ ಒಬ್ಬರನ್ನ ಬಿಡದೆ ನೆನಪಿಸ್ತಾ ಇರೋದಕ್ಕೂ ಚೇಸ್ ಅಂತಾರೆ. ಮ್ಯಾನೇಜರು ಹೇಳಿದ್ದು ಅದು. ಓಡೋ ಅಗತ್ಯ ಇರಲಿಲ್ಲ. ಫೋನ್ ಸಾಕಿತ್ತು."

ಅಧಿಕಾರಿ ಮ್ಯಾನೇಜರತ್ತ ತಿರುಗಿದರು. "ಇಷ್ಟು ಅರ್ಥ ಇರೋ ಪದನ ಜನ ಓಡಾಡೋ ಅಂಗಡೀಲಿ ಹೀಗೆ ಬಿಚ್ಚಿಡ್ತಾರೇನ್ರೀ? ಲೈಸೆನ್ಸ್ ಇದ್ಯಾ?"

ಮ್ಯಾನೇಜರು ತಲೆ ತಗ್ಗಿಸಿದ. ಅಧಿಕಾರಿ ಪುಟ ತಿರುಗಿಸಿ, "ಇದೆಲ್ಲ ಸರಿ. ಇವನು ಯಾಕೆ ಓಡಿಸಿದ ಅಂತ ಗೊತ್ತಾಯ್ತು. ಅಧ್ಯಕ್ಷರು ಯಾಕೆ ಓಡಿದ್ರು?" ಎಂದರು.

ಅದೇ ಗಳಿಗೆಗೆ ಬಾಗಿಲಲ್ಲಿ ಅಧ್ಯಕ್ಷರ ಹೆಂಡತಿ ಕಾಣಿಸಿಕೊಂಡರು. ಕೈಯಲ್ಲಿ ಹೆಚ್ಚಿದ ಸೌತೆಕಾಯಿಯ ಡಬ್ಬಿ. ಗಂಡನಿಗೆ ಹಸಿವಾಗಿರುತ್ತದೆಂದು ಠಾಣೆಗೇ ತಂದಿದ್ದರು. "ಹೌದ್ರೀ, ಯಾಕೆ ಓಡಿದ್ರಿ?" ಎಂದರು ಅವರೂ.

ಅಧ್ಯಕ್ಷರ ಕೈಗಳು ಮತ್ತೆ ಹೊಟ್ಟೆ ಮುಚ್ಚಿಕೊಂಡವು. ಅಧಿಕಾರಿ ಗೊತ್ತಪ್ಪನನ್ನು ಕೇಳಿದರು. "ನೀನು ಅವರ ಜೊತೆ ಬೇಕರಿ ಒಳಗಿದ್ದೆ. ನಿಜ ಹೇಳು. ಹೇಳಿದ್ರೆ ಈಗಲೇ ಮನೆಗೆ. ಇಲ್ಲಾಂದ್ರೆ ಒಳಗೆ. ಯಾಕೆ ಓಡಿದ್ರು?"

ಗೊತ್ತಪ್ಪ ಅಧ್ಯಕ್ಷರನ್ನು ನೋಡಿದ. ಡಬ್ಬಿ ಹಿಡಿದ ಹೆಂಗಸನ್ನು ನೋಡಿದ. ಅವನ ನಾಲಗೆ ಹುಟ್ಟಿದಾಗಿನಿಂದ ನಡೆಯದ ದಾರಿಯೊಂದರಲ್ಲಿ ತಡವರಿಸುತ್ತ ಹೊರಟಿತು.

"ಗೊ... ಗೊತ್ತಿಲ್ಲ ಸಾರ್."

ಬಾಮೈದನಿಗೆ ಗಾಬರಿಯಾಯಿತು. ಎದ್ದು ಬಂದು ಭಾವನ ಹಣೆ ಮುಟ್ಟಿ ನೋಡಿದ. "ಭಾವ, ನೀರು ಬೇಕಾ?" ಪೇಪರಿನವನು ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

"ಒಳಗೆ ಹಾಕ್ರಿ ಇವನನ್ನ" ಎಂದರು ಅಧಿಕಾರಿ.

"ಬೇಡ!" ಅಧ್ಯಕ್ಷರು ಎದ್ದು ನಿಂತರು. ಹುಬ್ಬಿನ ಮೇಲಿನ ಮೈದಾ ಉದುರಿತು. ಚುನಾವಣೆಯಲ್ಲೂ ಅವರು ಇಷ್ಟು ಧೈರ್ಯದಿಂದ ಮಾತಾಡಿರಲಿಲ್ಲ. "ಅವನ ತಪ್ಪಿಲ್ಲ. ಕೇಕು. ಬಿಸ್ಕತ್ತು. ಸೊಂಟ. ಎಲ್ಲಾ ನಂದೇ. ಇವಳಿಗೆ ಸುಳ್ಳು ಹೇಳಿದ್ದೆ."

ಹೆಂಡತಿ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಗೊತ್ತಪ್ಪನ ಕೊರಳಿಂದ ಟೇಪು ಎಳೆದುಕೊಂಡು, ಗಂಡನ ಸುತ್ತ ಸುತ್ತಿ, ಹೊಟ್ಟೆಯ ಮುಂದೆ ಸೇರಿಸಿ ಬಗ್ಗಿ ಓದಿದರು. ಠಾಣೆಯೆಲ್ಲ ಉಸಿರು ಹಿಡಿಯಿತು; ಎಲ್ಲರಿಗಿಂತ ಹೆಚ್ಚಾಗಿ ಅಧ್ಯಕ್ಷರು. "ಉಸಿರು ಬಿಡಿ" ಎಂದರು ಹೆಂಡತಿ. ಬಿಟ್ಟರು. ಟೇಪು ಜಾರಿತು. ಆ ಅಂಕೆಯನ್ನು ಇಲ್ಲಿ ಬರೆಯುವುದಿಲ್ಲ. ದರ್ಜಿಗಿದ್ದಷ್ಟು ಮಾನ ಕಥೆ ಹೇಳುವವರಿಗೂ ಇರಬೇಕು.

ಆಕೆ ಗೊತ್ತಪ್ಪನತ್ತ ತಿರುಗಿದರು. "ಅಗಲ ಮಾಡೋಕೆ ಕೋಟಿನ ಒಳಗೆ ಬಟ್ಟೆ ಬಿಟ್ಟಿದ್ದೀಯೇನಪ್ಪಾ?"

"ಬಿಟ್ಟಿದ್ದೀನಿ ತಾಯಿ."

"ಎಷ್ಟು?"

"ಪದವಿ ಬಂದೋರಿಗೆ ಎಷ್ಟು ಬಿಡಬೇಕೋ ಅಷ್ಟು."

ಮೊದಲು ನಕ್ಕಿದ್ದು ಆಕೆಯೇ. ನಗುತ್ತ ಕುರ್ಚಿಯ ಮೇಲೆ ಕುಸಿದು, ಡಬ್ಬಿಯನ್ನು ಅಧಿಕಾರಿಯ ಮುಂದೆ ತಳ್ಳಿ, "ತಗೊಳ್ಳಿ, ನೀವೇ ತಿನ್ನಿ. ನನಗೂ ಸಾಕಾಗಿ ಹೋಗಿತ್ತು ಈ ಸೌತೆಕಾಯಿ! ಯಾವ ಬೇಕರಿ ಅಂತ ಹೇಳ್ರೀ ಮೊದ್ಲು" ಎಂದರು. ಠಾಣೆಯ ಗೋಡೆಗಳು ನಡುಗುವಷ್ಟು ನಗೆ ಎದ್ದಿತು. ಅಧಿಕಾರಿ ಬರೆದ ಹಾಳೆಯನ್ನು ಹರಿದರು.

ಸೋಮವಾರ ಕೋಟು ಒಂದೂ ಸುಕ್ಕಿಲ್ಲದೆ ಕೂತಿತು. ಆದರೆ ಸಭೆಯಲ್ಲಿ ಯಾರೂ ಅದನ್ನು ನೋಡಲಿಲ್ಲ. ಎಲ್ಲರೂ ಹಿಂದಿನ ಸಾಲಿನಲ್ಲಿದ್ದ ಗೊತ್ತಪ್ಪನನ್ನೇ ತಿರುಗಿ ತಿರುಗಿ ನೋಡುತ್ತಿದ್ದರು. ಅಧ್ಯಕ್ಷರನ್ನೇ ಓಡಿಸಿ ಹಿಡಿದ ಮನುಷ್ಯ! ಮಾರನೆಯ ದಿನ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಹೊರಗೆ ಸಾಲು ನಿಂತಿತ್ತು. ಒಬ್ಬರಿಗೂ ಕೋಟು ಬೇಕಾಗಿರಲಿಲ್ಲ. ಅರ್ಧ ಗೋಡೆಗೆ ಬಣ್ಣ ಬಳಿದು ಮಾಯವಾದ ಪೇಂಟರು ಒಬ್ಬರಿಗೆ ಬೇಕಿತ್ತು. ಕಪಾಟಿಗೆ ಬಾಗಿಲು ಕೂರಿಸದ ಬಡಗಿ ಇನ್ನೊಬ್ಬರಿಗೆ. ಮೂರನೆಯವರಿಗೆ ತಮ್ಮ ಅಳಿಯ. ಮ್ಯಾನೇಜರು ತಲೆ ಚಚ್ಚಿಕೊಂಡು, ಬಹಳ ಯೋಚಿಸಿ, ತನ್ನ ಜೀವಮಾನದ ಮೊದಲ ಕನ್ನಡ ಬೋರ್ಡು ಬರೆಸಿ ತೂಗುಹಾಕಿದ: "ಇಲ್ಲಿ ಕೋಟು ಹೊಲಿದುಕೊಡಲಾಗುವುದು. ಚೇಸ್ ಮಾಡಿಕೊಡಲಾಗುವುದಿಲ್ಲ."

ಸಾಲು ಕರಗಿತು. ಒಬ್ಬ ಅಜ್ಜಿ ಮಾತ್ರ ಉಳಿದಳು. ಆಕೆಗೆ ಬೋರ್ಡು ಓದಲು ಕನ್ನಡಕ ಇರಲಿಲ್ಲ, ಅಥವಾ ಇಲ್ಲವೆಂದಳು. "ನಲ್ಲಿ ರಿಪೇರಿಯವನು ನಲ್ಲಿ ಬಿಚ್ಚಿಟ್ಟು ಹೋದೋನು ಬಂದೇ ಇಲ್ಲ ಕಣಪ್ಪಾ. ಬಚ್ಚಲೆಲ್ಲ ಕೆರೆ ಆಗಿದೆ. ಬೀದಿ ತುದೀಲಿ ಕೂತು ಚಹಾ ಕುಡೀತಿದ್ದಾನೆ ನೋಡು, ಅಗೋ."

ಗೊತ್ತಪ್ಪ ಮ್ಯಾನೇಜರತ್ತ ನೋಡಿದ. ಮ್ಯಾನೇಜರು ಗಾಜಿನ ಮೇಜಿನ ಮೇಲೆ ಇಲ್ಲದ ಧೂಳನ್ನು ಒರೆಸುತ್ತ ಮುಖ ತಿರುಗಿಸಿಕೊಂಡ. ಗೊತ್ತಪ್ಪ ಹೊಸ್ತಿಲ ಮೇಲೆ ಕುಳಿತು ಬೂಟಿನ ದಾರ ಬಿಗಿಯಾಗಿ ಕಟ್ಟಿಕೊಂಡ. ಎದ್ದು ನಿಂತು ಟೇಪು ಬಿಚ್ಚಿದ.

ಬೀದಿಯ ತುದಿಯಲ್ಲಿ ಚಹಾ ಲೋಟವೊಂದು ಕೆಳಗೆ ಬಿದ್ದ ಸದ್ದಾಯಿತು. ಗೊತ್ತಪ್ಪ ಇನ್ನೂ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ನಲ್ಲಿಯವನು ಮಾತ್ರ ಪೆಟ್ಟಿಗೆ ಹೆಗಲಿಗೇರಿಸಿಕೊಂಡು ಓಡುತ್ತಿದ್ದ; ಅಜ್ಜಿಯ ಮನೆಯ ಕಡೆಗೇ.